ಮೊದಲ ಎಡೆಗೆ ಉಟ್ಟ ಬಟ್ಟೆ

ಮನೆಯಲ್ಲಿ ಮಲಗುವ ಕೋಣೆ ಮೂರು, ಮನುಷ್ಯರು ನಾಲ್ಕು ಮಂದಿ. ಮೂರನೆಯ ಕೋಣೆಯಲ್ಲಿ ಸತ್ತ ಸಿಪಾಯಿಗಳು ಬಿಡಾರ ಹೂಡದೆ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಪೆನಾಂಗಿನ ಬಯಾನ್ ಲೆಪಾಸ್‌ನ ಆ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಗೆ ನಿತ್ಯಾನಂದ ಬಂದು ಹತ್ತು ವರ್ಷ ಮೇಲಾಗಿತ್ತು. ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರು. ಜೊತೆಯವರು ರಜೆಯ ದಿನ ಬ್ಯಾಡ್ಮಿಂಟನ್ ಆಡಿದರೆ, ತಮಿಳು ಮುಸ್ಲಿಮರ ಮಮಕ್ ಅಂಗಡಿಯಲ್ಲಿ ಕೂತು ಟೀ ಕುಡಿದರೆ, ಇವನು ಪಕ್ಕದ ಪೆರಾಕ್ ರಾಜ್ಯದ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದ. ಎಂಬತ್ತು ವರ್ಷದ ಹಿಂದೆ ಜಪಾನಿನವರು ಬಂದಾಗ ಓಡಿದ, ಸತ್ತ, ಸೆರೆಸಿಕ್ಕ, ಬ್ರಿಟಿಷರ ಸೈನ್ಯದಲ್ಲಿದ್ದ ನಮ್ಮ ದೇಶದ ಸಿಪಾಯಿಗಳ ಸಾಮಾನು ಅವನಿಗೆ ಬೇಕು. ಕತ್ತಿ ಬಂದೂಕಿನ ಆಸೆ ಅವನಿಗಿರಲಿಲ್ಲ. ಊಟದ ಡಬ್ಬಿ, ಹಿತ್ತಾಳೆ ಚೊಂಬು, ಲೋಟ, ಕ್ಷೌರದ ಕತ್ತಿ, ಹಲ್ಲು ಮುರಿದ ಬಾಚಣಿಗೆ, ತುಕ್ಕು ಹಿಡಿದ ಎರಡು ಶಿರಸ್ತ್ರಾಣ. ಪ್ರತಿಯೊಂದಕ್ಕೂ ಒಂದು ಚೀಟಿ. ಸಿಕ್ಕಿದ ಊರು, ಕೊಟ್ಟವರು, ಯಾರದು. ಕೊನೆಯದರ ಮುಂದೆ ಸಾಮಾನ್ಯವಾಗಿ ‘ಗೊತ್ತಿಲ್ಲ’ ಎಂದೇ ಇರುತ್ತಿತ್ತು.

ಆ ಕೋಣೆಗೆ ಏಸಿ ಇತ್ತು. ಸೆಕೆಗೆ ಚರ್ಮದ ಪಟ್ಟಿಗಳು ಬೂಷ್ಟು ಹಿಡಿಯುತ್ತವೆಂದು ಹಗಲೆಲ್ಲ ಓಡುತ್ತಿತ್ತು. ಅವನ ಹೆಂಡತಿ ಮಹಾಲಕ್ಷ್ಮಿ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳುತ್ತಿದ್ದಳು. ಬೀಜಗಣಿತದ ನಡುವೆ ಕುಕ್ಕರು ಕೂಗುತ್ತಿತ್ತು.

“ನಿಮ್ಮ ಸಿಪಾಯಿಗಳಿಗೆ ಏಸಿ ರೂಮು, ನನಗೆ ಒಲೆ ಪಕ್ಕ ಜಾಗ,” ಎಂದು ಅವಳು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

“ಲಾಕ್‌ಡೌನ್ ಮುಗೀಲಿ ಕಣೇ.”

“ಒಂದೂವರೆ ವರ್ಷದಿಂದ ಮುಗೀತಾನೇ ಇದೆ.”

ಹದಿನೈದರ ಮಗಳು ಇಂಚರ ತನ್ನ ಕೋಣೆಯಲ್ಲಿ ಕದ ಹಾಕಿಕೊಂಡು ಶಾಲೆ ಕಲಿಯುತ್ತಿದ್ದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿದ್ದದ್ದು ಇಂಗ್ಲಿಷು. ಇನ್ನು ನಾಲ್ಕನೆಯವಳು ನಿತ್ಯಾನಂದನ ತಾಯಿ ಚಾಮುಂಡಮ್ಮ. ಅವಳಿಗೆ ಹಾಲಿನ ದಿವಾನವೇ ಹಾಸಿಗೆ.

ಚಾಮುಂಡಮ್ಮ ಮೂರು ತಿಂಗಳಿಗೆಂದು ಬಂದವಳು. ಬಂದದ್ದು ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ. ಮಾರ್ಚಿನಲ್ಲಿ ಗಡಿ ಮುಚ್ಚಿತು. ಗಂಡ ಬೋರಯ್ಯ ಬಂದಿರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿನ ಗಾಡಿ ತೂಗಿದ ಆಸಾಮಿ, ಏರೋಪ್ಲೇನು ಮಾತ್ರ ತನ್ನ ಕೈಲಾಗದು ಎಂದು ಮಂಡ್ಯದಲ್ಲೇ ಉಳಿದ. ಆಮೇಲೆ ವಿಶೇಷ ವಿಮಾನ ಬಿಟ್ಟಾಗಲೂ ಫೋನಿನಲ್ಲಿ, “ಇಲ್ಲಿ ರೋಗ ಬಂದದೆ, ನೀನು ಮಗನ ತಾವೇ ಇರು,” ಅಂದ. ಇಪ್ಪತ್ತೊಂದರ ಮೇ ತಿಂಗಳಲ್ಲಿ ರೋಗ ಅವನ ಮನೆಗೇ ಬಂತು. ಆರು ದಿನ ಆಸ್ಪತ್ರೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಅವನನ್ನು ಯಾರೋ ದೂರದಿಂದ ತೆಗೆದ ವಿಡಿಯೋದಲ್ಲಿ ಹೆಂಡತಿ ನೋಡಿದಳು. ನೋಡಿದ್ದು ಅವನನ್ನೇ ಹೌದೋ ಅಲ್ಲವೋ ಎಂಬ ಅನುಮಾನ ಅವಳಿಗೆ ಉಳಿದೇ ಇತ್ತು.

ಆಗಸ್ಟ್ ಕೊನೆಯ ವಾರ ಅಂಚೆಯವನು ಕಾವಲಿನವರ ಹತ್ತಿರ ಒಂದು ಪೊಟ್ಟಣ ಬಿಟ್ಟುಹೋದ. ರಾಜ್ಯ ದಾಟಿ ಹೋಗಲು ಆಗ ಅಪ್ಪಣೆ ಇರಲಿಲ್ಲವಾದ್ದರಿಂದ ನಿತ್ಯಾನಂದನ ಗುಜರಿಯೆಲ್ಲ ಅಂಚೆಯಲ್ಲೇ ಬರುತ್ತಿತ್ತು. ಊಟಕ್ಕೆ ಮುದ್ದೆ ಬಸ್ಸಾರು ಬಡಿಸಿದ್ದರು. ಅವನಿಗೆ ತಡೆಯಲಾಗಲಿಲ್ಲ, ಟೇಬಲ್ಲಿನ ಮೇಲೇ ಬಿಚ್ಚಿದ. ಒಳಗಿದ್ದದ್ದು ಖಾಕಿ ಅಂಗಿ.

“ಯಾರದ್ಲಾ ಅದು?” ಚಾಮುಂಡಮ್ಮ ಕೇಳಿದಳು.

“ಒಬ್ಬ ಸಿಪಾಯಿದು ಕಣಮ್ಮ. ತೈಪಿಂಗ್ ಅನ್ನೋ ಊರಲ್ಲಿ ಸಿಕ್ತು. ಇಷ್ಟು ಚೆನ್ನಾಗಿರೋ ಅಂಗಿ ಯಾರ ಹತ್ರಾನೂ ಇಲ್ಲ.”

“ಬದುಕವ್ನಾ?”

“ಎಂಬತ್ತು ವರ್ಷ ಆಯ್ತಲ್ಲಮ್ಮ.”

“ಸತ್ತೋರ ಬಟ್ಟೆ ತಂದು ಉಣ್ಣೋ ತಾವ ಇಕ್ಕಿದ್ದೀಯಲ್ಲ, ನಿಂಗೆ ಬುದ್ಧಿ ಯಾವಾಗ್ಲಾ ಬಂದಾದು? ತೆಗಿ ಮೊದ್ಲು.”

“ಇಟ್ಸ್ ಹಿಸ್ಟರಿ, ಅಜ್ಜಿ,” ಎಂದಳು ಇಂಚರ.

“ಇಷ್ಟ್ರಿ ಮಾಡಿದ್ರೂ ಅಷ್ಟೆ, ಮಾಡದಿದ್ರೂ ಅಷ್ಟೆ. ತೆಗಿ ಅಂದೆ.”

ಮಹಾಲಕ್ಷ್ಮಿ ನಕ್ಕಳು. ನಿತ್ಯಾನಂದ ಅಂಗಿಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ. ಅವನು ಬರುವಷ್ಟರಲ್ಲಿ ಮುದ್ದೆ ಆರಿತ್ತು.

ಚಾಮುಂಡಮ್ಮ ಕೈ ತೊಳೆದು ಬಂದು ಸೊಸೆಯನ್ನು ಕೇಳಿದಳು. “ಹಿರೀರ ಹಬ್ಬ ಯಾವತ್ತು ಬತ್ತದವ್ವ ಈ ಸರ್ತಿ?”

ಮಹಾಲಕ್ಷ್ಮಿ ಫೋನು ನೋಡಿದಳು. “ಮಹಾಲಯ ಅಮಾವಾಸ್ಯೆ ಅಕ್ಟೋಬರ್ ಆರು ಅತ್ತೆ. ಬುಧವಾರ.”

“ನಿಮ್ಮ ಮಾವಂಗೆ ಮೊದಲ್ನೇ ಎಡೆ. ಹೊಸ ಪಂಚೆ ಇಲ್ಲೇ ತಕ್ಕೊಂಡ್ರಾಯ್ತು. ಉಟ್ಟ ಬಟ್ಟೆ ಊರಿಂದ ತರುಸ್ಬೇಕು, ನಿತ್ಯ.”

ಆ ಮನೆತನದ ಕಟ್ಟಳೆ ಹಾಗಿತ್ತು. ಸತ್ತವರಿಗೆ ಮೊದಲ ಸಲ ಎಡೆ ಇಡುವಾಗ ಹೊಸ ಬಟ್ಟೆಯ ಪಕ್ಕದಲ್ಲಿ ಅವರು ಉಟ್ಟು ಹಳತು ಮಾಡಿದ ಒಂದು ಬಟ್ಟೆಯನ್ನೂ ಒಗೆದು ಮಡಿಸಿ ಇಡಬೇಕು. ಅದನ್ನು ಗುರುತು ಹಿಡಿದು ಬರುತ್ತಾರೆ, ಇಲ್ಲದಿದ್ದರೆ ಯಾರದೋ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ ಎಂದು ಹಿಂದಿನವರ ಮಾತು. ಊರಿನಲ್ಲೇ ಹೀಗಾದರೆ, ಸಮುದ್ರ ದಾಟಿ ಹನ್ನೊಂದನೇ ಮಹಡಿ ಹತ್ತಬೇಕಾದವನ ಗತಿ ಏನು? ಚಾಮುಂಡಮ್ಮನಿಗೆ ಅದೇ ಚಿಂತೆ.

ನಿತ್ಯಾನಂದ ಚಿಕ್ಕಪ್ಪನ ಮಗನಿಗೆ ಫೋನು ಮಾಡಿ ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟ.

“ಬಟ್ಟೆನಾ?” ಆ ಕಡೆಯವನು ತಡವರಿಸಿದ. “ಅಣ್ಣ, ಒಂದು ಟವಲ್ಲೂ ಇಲ್ಲ. ಹಾಸಿಗೆ, ಬೀರುಲಿ ಇದ್ದದ್ದು, ಕನ್ನಡಕ, ಎಲ್ಲಾ ಹಿತ್ಲಲ್ಲಿ ಗುಡ್ಡೆ ಹಾಕಿ ಸೀಮೆಎಣ್ಣೆ ಹುಯ್ದು ಸುಟ್ವಿ. ಆವಾಗ ಹೆದ್ರಿಕೆ ಹಂಗಿತ್ತು. ಮನೇಲಿ ಮಕ್ಳಿದ್ವು.”

“ಕೊಡೆ?”

“ಅದ್ನೂವೆ.”

ಫೋನು ಇಟ್ಟ ಮೇಲೆ ನಿತ್ಯಾನಂದ, “ಫೋಟೊ ಇದೆಯಲ್ಲಮ್ಮ. ದೊಡ್ಡದಾಗಿ ಪ್ರಿಂಟ್ ಹಾಕಿಸ್ತೀನಿ,” ಅಂದ.

“ಫೋಟ ಉಟ್ಕೊಂಡಿದ್ರೇನ್ಲಾ ನಿಮ್ಮಪ್ಪ?”

ಚಾಮುಂಡಮ್ಮ ಆಮೇಲೆ ದಿನಾ ಅದನ್ನೇ ಕೇಳತೊಡಗಿದಳು. ಅವನು ಕಾರ್ಖಾನೆಗೆ ಹೊರಟು ಬೂಟು ಹಾಕುವಾಗ, ಮೂಗಿಗೆ ಕಡ್ಡಿ ಹಾಕಿ ರೋಗದ ಪರೀಕ್ಷೆ ಮಾಡಿಕೊಳ್ಳುವಾಗ, ಪೆಟಾಲಿಂಗ್ ಜಯಾದ ಮಿಸ್ಟರ್ ಫೂ ಜೊತೆ ಫೋನಿನಲ್ಲಿ ಹರಟುವಾಗ. ಮಿಸ್ಟರ್ ಫೂ ಅಂದರೆ ಇವನಂಥದೇ ಹುಚ್ಚಿನ ನಿವೃತ್ತ ಸರ್ವೇಯರು. ಇವನ ಒಂದು ಚೊಂಬು, ಎರಡು ಡಬ್ಬಿಗೆ ಬದಲಾಗಿ ಅವನು ತನ್ನಲ್ಲಿದ್ದ ಅಪರೂಪದ ನೀರಿನ ಬುಡ್ಡಿ ಕೊಡುವುದೆಂದು ಮಾತಾಗಿತ್ತು.

“ಊರವರ ಅಪ್ಪಂದಿರ ಚೊಂಬು ಹುಡುಕ್ಕೊಂಡು ಕಾಡು ಮೇಡು ಅಲೀತೀಯ. ನಿಮ್ಮಪ್ಪಂದು ಒಂದು ಚಡ್ಡಿ ಹುಡುಕ್ಲಾ ನೋಡಾನ,” ಅನ್ನುತ್ತಿದ್ದಳು ಚಾಮುಂಡಮ್ಮ.

“ಸುಟ್ಟು ಹಾಕಿರೋದನ್ನ ಎಲ್ಲಿಂದ ಹುಡುಕ್ಲಮ್ಮ?”

“ಮನೆಗೆ ಮಾರಿ, ಊರಿಗೆ ಉಪಕಾರಿ.”

ಪಿತೃಪಕ್ಷ ಶುರುವಾದ ಮಂಗಳವಾರ ನಿತ್ಯಾನಂದ ಬೆಳಗಿನ ಪಾಳಿಗೆ ಹೋಗಿದ್ದ. ಮಹಾಲಕ್ಷ್ಮಿ ಒಲೆ ಪಕ್ಕದಲ್ಲಿ ಭಿನ್ನರಾಶಿ ಹೇಳುತ್ತಿದ್ದಳು. ಚಾಮುಂಡಮ್ಮ ಮೊಮ್ಮಗಳ ಕದ ತಟ್ಟಿ ಮೂರನೆಯ ಕೋಣೆಯ ಬೀಗದ ಕೈ ಕೇಳಿದಳು.

“ಅಪ್ಪಾ ವಿಲ್ ಕಿಲ್ ಮೀ, ಅಜ್ಜಿ.”

“ನಾನು ನಿಮ್ಮಪ್ಪನ್ನೇ ಹೆತ್ತೋಳು. ತಕ್ಕೊಂಡು ಬಾ.”

ಮಧ್ಯಾಹ್ನ ಮೂರೂವರೆಗೆ ನಿತ್ಯಾನಂದ ಬಂದು ಮಾಸ್ಕು ತೆಗೆದಾಗ ಮನೆಯೆಲ್ಲ ಹುಣಸೆಹಣ್ಣಿನ ವಾಸನೆ. ಬಾಲ್ಕನಿಯಲ್ಲಿ ಬಿಳೀ ಟವಲ್ಲು ಹಾಸಿತ್ತು. ಅದರ ಮೇಲೆ ಎರಡು ಹಿತ್ತಾಳೆ ಚೊಂಬು, ಮೂರು ಲೋಟ, ಆರು ಊಟದ ಡಬ್ಬಿ, ಒಂದು ಹಿಡಿ ಗುಂಡಿ. ಎಲ್ಲವೂ ಮದುವೆಮನೆಯ ಪಾತ್ರೆಗಳ ಹಾಗೆ ಫಳಫಳ ಹೊಳೆಯುತ್ತಿದ್ದವು. ಚಾಮುಂಡಮ್ಮ ತೆಂಗಿನ ನಾರು ಹಿಡಿದು ಏಳನೆಯ ಡಬ್ಬಿಯ ತಳ ತಿಕ್ಕುತ್ತಿದ್ದಳು.

“ಅಮ್ಮಾ!” ಎಂದವನ ಕೂಗಿಗೆ ಮಹಾಲಕ್ಷ್ಮಿ ಪಾಠ ನಿಲ್ಲಿಸಿ ಓಡಿಬಂದಳು.

“ಏನ್ ಮಾಡ್ಬಿಟ್ಟೆ! ಎಂಬತ್ತು ವರ್ಷದ ಬಣ್ಣ ಕಣಮ್ಮ ಅದು!”

“ಬಣ್ಣ ಅಲ್ಲ, ಕಿಲುಬು. ಚಾಕು ತಕ್ಕೊಂಡು ಕೆರೀಬೇಕಾಯ್ತು.”

“ಚಾಕು!” ನಿತ್ಯಾನಂದ ಗೋಡೆಗೆ ಒರಗಿದ. “ಹಳೇದು ಅಂತ ಗೊತ್ತಾಗೋದೇ ಅದರಿಂದ. ಈಗ ಇದಕ್ಕೂ ಸಂತೇಲಿ ತಂದ ಚೊಂಬಿಗೂ ಏನು ವ್ಯತ್ಯಾಸ? ಯಾಕೆ ಮುಟ್ಟಿದೆ? ಯಾರು ಮುಟ್ಟು ಅಂದ್ರು?”

ಚಾಮುಂಡಮ್ಮ ಕೈ ತೊಳೆದುಕೊಂಡು ಎದ್ದಳು. ಅವಳಿಗೂ ಸಿಟ್ಟು ನೆತ್ತಿಗೇರಿತ್ತು.

“ಇಷ್ಟು ಜನ ಸತ್ತೋರನ್ನ ಮನೇಲಿ ಇಟ್ಕೊಂಡಿದ್ದೀಯಲ್ಲ, ಒಂದು ದಿವಸ ಒಂದು ತುತ್ತು ಇಕ್ಕಿದ್ದೀಯ? ಪಕ್ಷ ಬಂದದೆ. ಕೊಳಕು ಪಾತ್ರೇಲಿ ಎಡೆ ಇಕ್ಕಾಕಾದದಾ? ಇವ್ರಿಗೆ ಬಟ್ಟೆ ಅದೆ, ಚೊಂಬದೆ, ಎಡೆ ಇಲ್ಲ. ನನ್ ಗಂಡಂಗೆ ಎಡೆ ಅದೆ, ಬಟ್ಟೆ ಇಲ್ಲ. ನಾನ್ಯಾರನ್ನ ಕೇಳ್ಲಿ?”

“ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?”

“ಸಂಬಂಧ ಇಲ್ದೋರ ಸಾಮಾನ್ನ ನೀನ್ಯಾಕ್ಲಾ ಇಟ್ಕೊಂಡಿದ್ದೀಯ?”

“ಅತ್ತೆ, ಸಾಕು ಬಿಡಿ. ರೀ, ನೀವೂ ಅಷ್ಟೆ. ಹದಿನಾಲ್ಕು ಮಕ್ಕಳು ಕ್ಲಾಸಲ್ಲಿ ಕೇಳಿಸ್ಕೊಳ್ತಿದ್ದಾರೆ,” ಎಂದಳು ಮಹಾಲಕ್ಷ್ಮಿ.

ಸಂಜೆ ಮಿಸ್ಟರ್ ಫೂಗೆ ಫೋಟೊ ಕಳಿಸಿದ್ದಾಯಿತು. ಅವನ ದನಿ ಹಾಲಿನವರೆಗೂ ಕೇಳಿಸಿತು. “ಅಯ್ಯೋ, ವೈ ಯು ಪಾಲಿಶ್? ಫಿನಿಶ್ ಆಲ್ರೆಡಿ ಲಾ.” ನೀರಿನ ಬುಡ್ಡಿಯ ಮಾತು ಅಲ್ಲಿಗೆ ಮುಗಿಯಿತು.

ಐದು ದಿನ ತಾಯಿ ಮಗ ಮಾತು ಬಿಟ್ಟರು. ಅವನು ಊಟದ ತಟ್ಟೆ ಹಿಡಿದು ಮೂರನೆಯ ಕೋಣೆ ಸೇರುತ್ತಿದ್ದ, ಅವಳು ದಿವಾನದ ಮೇಲೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಉಪ್ಪು ಹೆಚ್ಚಾದರೂ ಇಬ್ಬರೂ ಹೇಳಲಿಲ್ಲ. ನಡುವೆ ಮಹಾಲಕ್ಷ್ಮಿಗೆ ಸಾಕಾಗಿ ಹೋಯಿತು. ಅಡುಗೆ ಮಾಡಲಾರೆ ಎಂದು ಶನಿವಾರ ಕೆಳಗಿನ ತಮಿಳರ ಅಂಗಡಿಯಿಂದ ಇಂಚರಳ ಕೈಲಿ ಇಡ್ಲಿ ಕಟ್ಟಿಸಿ ತರಿಸಿದಳು. ತಂದ ಪೊಟ್ಟಣಗಳನ್ನು ಇಬ್ಬರ ಮುಂದೆಯೂ ಕುಕ್ಕಿ, “ಮಾತಾಡೋವರೆಗೂ ಇದೇ ಗತಿ,” ಎಂದಳು.

ಭಾನುವಾರ ಬೆಳಿಗ್ಗೆ ನಿತ್ಯಾನಂದ ಖಾಕಿ ಅಂಗಿಗೆ ಚೀಟಿ ಬರೆಯುತ್ತಿದ್ದ. ಚಾಮುಂಡಮ್ಮ ಅದೊಂದನ್ನು ಮುಟ್ಟಿರಲಿಲ್ಲ. ಪಾತ್ರೆ ಬೆಳಗಬಹುದು, ಸತ್ತವರ ಬಟ್ಟೆ ಮುಟ್ಟುವುದು ಅವಳಿಂದಾಗದು. ಈಗ ಬಂದು ಬಾಗಿಲಲ್ಲಿ ನಿಂತಳು.

“ಅವರ ಕಡೇರು ಇದುನ್ನ ಸುಡ್ನಿಲ್ವಾ?” ಎಂದು ಕೇಳಿದಳು.

ಮಾತಾಡಿದ್ದೇ ದೊಡ್ಡದು ಎಂದುಕೊಂಡು ನಿತ್ಯಾನಂದ ತಿರುಗಿದ. “ಇಲ್ಲಮ್ಮ. ಮನುಷ್ಯನ ಹತ್ರ ಇದ್ದದ್ದು ಅವನ ಜೊತೇನೇ ಹೋಗುತ್ತೆ. ಮಣ್ಣಲ್ಲಿ ಕೊಳೆಯುತ್ತೆ, ಇಲ್ಲ ಸುಡ್ತಾರೆ. ಉಳಿಯೋದು ಅವನ ಕೈಲಿ ಇಲ್ಲದ್ದು. ರಿಪೇರಿಗೆ ಕೊಟ್ಟಿದ್ದು, ಅಡ ಇಟ್ಟಿದ್ದು, ಅಂಥದ್ದು. ನಾವು ಹುಡುಕೋರು ಮನೆಗೆ ಹೋಗಲ್ಲ. ಮೊದಲು ಅಂಥ ಅಂಗಡಿಗೆ ಹೋಗ್ತೀವಿ.”

“ಇದೆಲ್ಲಿತ್ತು?”

“ಅಗಸರ ಮನೇಲಿ. ನೋಡು ಇಲ್ಲಿ.” ಅಂಗಿಯ ಕಾಲರಿನ ಒಳಗೆ ಕಪ್ಪಗೆ ಎರಡು ಚುಕ್ಕಿ, ಒಂದು ಗೀಟು. “ಗೇರುಕಾಯಿ ಮಸಿ. ಯಾರ ಬಟ್ಟೆ ಅಂತ ಅವರು ಹಾಕೋ ಗುರುತು. ಒಗೆಯೋಕೆ ಕೊಟ್ಟಿದ್ದಾನೆ. ಅಷ್ಟರಲ್ಲಿ ಜಪಾನಿನವರು ಬಂದ್ರು ಅಂತ ಸಿಪಾಯಿಗಳಿಗೆಲ್ಲ ರಾತ್ರೋರಾತ್ರಿ ಹೊರಡಿ ಅಂದಿದ್ದಾರೆ. ಇಸ್ಕೊಳ್ಳೋಕೆ ಅವನು ತಿರುಗಿ ಬರಲೇ ಇಲ್ಲ. ಅಗಸರು ಇವತ್ತು ಬರ್ತಾನೆ ನಾಳೆ ಬರ್ತಾನೆ ಅಂತ ಪೆಟ್ಟಿಗೇಲಿ ಇಟ್ಟವರು, ಮೊಮ್ಮಕ್ಕಳ ಕಾಲದವರೆಗೂ...”

ಅವನು ತಾಯಿಯ ಮುಖ ನೋಡಿದ.

“ಊರಲ್ಲಿ ನಮ್ ಅಗಸ್ರ ರತ್ನನೂ ಹಿಂಗೇ ಗುರ್ತು ಹಾಕ್ತಿದ್ಲು,” ಎಂದಳು ಚಾಮುಂಡಮ್ಮ. “ನಮ್ಮನೇದಕ್ಕೆ ಒಂದು ಕತ್ತರಿ ಗೀಟು, ಕೆಳಗೆ ಒಂದು ಚುಕ್ಕಿ. ನಿಮ್ಮಪ್ಪ ಪಂಚೆ ಮನೇಲಿ ಒಗುಸ್ತಿರ್ನಿಲ್ಲ. ಗಂಜಿ ಹಾಕಿ ಇಸ್ತ್ರಿ ಆಗ್ಬೇಕು ಅವರ್ಗೆ. ಸೋಮಾರ ಸೋಮಾರ ರತ್ನನ ಮನೆಗೆ ಕಳುಸೋರು.”

“ಆಸ್ಪತ್ರೆಗೆ ಹೋಗಿದ್ದು ಯಾವತ್ತಮ್ಮ?”

“ಗುರುವಾರ.”

ಹಾಗಾದರೆ ಸೋಮವಾರ ಕೊಟ್ಟ ಪಂಚೆ ರತ್ನನ ಮನೆಯಲ್ಲೇ ಉಳಿದಿರಬೇಕು. ಇದು ತನಗೆ ಯಾಕೆ ಮೊದಲೇ ಹೊಳೆಯಲಿಲ್ಲ ಎಂದು ನಿತ್ಯಾನಂದನಿಗೆ ನಾಚಿಕೆಯಾಯಿತು. ಹತ್ತು ವರ್ಷ ಇದೇ ಕೆಲಸ ಮಾಡಿದವನು ಅಪ್ಪನ ವಿಷಯಕ್ಕೆ ಒಂದು ಫೋನು ಮಾಡಿ ಕೈ ತೊಳೆದುಕೊಂಡಿದ್ದ.

ಅವತ್ತೇ ಮಂಡ್ಯದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಶಾಲೆಯ ಗೆಳೆಯ ರಮೇಶನಿಗೆ ಫೋನು ಹೋಯಿತು. ಅಜ್ಜಿ ಹೇಳಿದ ಗುರುತನ್ನು ಇಂಚರ ಕಾಗದದ ಮೇಲೆ ಬರೆದಳು. ಕತ್ತರಿ ಗೀಟು ದೊಡ್ಡದಾಯಿತು, ಚುಕ್ಕಿ ಇನ್ನೂ ಕೆಳಗೆ ಬೇಕು ಎಂದು ಚಾಮುಂಡಮ್ಮ ನಾಲ್ಕು ಸಲ ಬರೆಸಿದಳು. ಐದನೆಯದರ ಫೋಟೊ ರಮೇಶನಿಗೆ ಹೋಯಿತು.

ಮರುದಿನ ರಮೇಶ ಹೇಳಿದ. “ರತ್ನನ ಮನೆ ಬೀಗ ಹಾಕಿದೆ ಕಣೋ. ಜೂನ್‌ನಿಂದ ತೆಗೆದಿಲ್ಲವಂತೆ.”

“ಅಕ್ಕಪಕ್ಕ ಕೇಳಿದೆಯಾ? ಬಾಡಿಗೆ ಮನೆಯಾ? ಮನೆ ಓನರ್ ಯಾರು? ಅವಳ ಹತ್ರ ಬಟ್ಟೆ ಕೊಡೋರು ಇನ್ಯಾರಿದ್ರು?”

“ನೀನೇನು ಪೊಲೀಸ್ ಆಗಿದ್ದೀಯೇನೋ?”

ನಿತ್ಯಾನಂದ ಈಗ ಪ್ರತಿದಿನ ಕಾರ್ಖಾನೆಯ ಊಟದ ಬಿಡುವಿನಲ್ಲಿ ಮಂಡ್ಯಕ್ಕೆ ಫೋನು ಮಾಡುತ್ತಿದ್ದ. ರತ್ನನ ಫೋನು ಸತ್ತಿತ್ತು. ಮನೆಯ ಮಾಲೀಕ ಮೈಸೂರಿಗೆ ಹೋಗಿದ್ದ. ಬಟ್ಟೆ ಕೊಡುತ್ತಿದ್ದ ಮೇಷ್ಟರೊಬ್ಬರು ಅವಳು ತಮ್ಮನ ಮನೆಗೆ ಹೋದಳೆಂದರು, ಊರು ಗೊತ್ತಿಲ್ಲ. ಮಹಾಲಕ್ಷ್ಮಿಗೆ ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಕಂಡಿತು. ಹಾಗೆ ಹೇಳಬೇಕೆಂದು ಬಾಯಿಯವರೆಗೂ ಬಂತು. ಹುಣಸೆಹಣ್ಣಿನ ಹೆಸರೆತ್ತುವ ಕಾಲ ಇದಲ್ಲವೆಂದು ಸುಮ್ಮನಾದಳು. ಬಾಳೆಎಲೆ, ರಾಗಿಹಿಟ್ಟು, ಕಜ್ಜಾಯಕ್ಕೆ ಬೆಲ್ಲ ಎಂದು ಅವಳ ಪಟ್ಟಿ ಬೆಳೆಯುತ್ತಿತ್ತು. ಮಾವನಿಗೆ ಇಷ್ಟವಾದ ಕಡ್ಡಿಪುಡಿ ಪೆನಾಂಗಿನಲ್ಲೆಲ್ಲೂ ಸಿಗಲಿಲ್ಲ.

“ಎಡೆ ಎಲ್ಲಿಡೋದು ಅತ್ತೆ, ಹಾಲಿನಲ್ಲಾ?”

“ಹಾಲಿಗೆ ಕದ ಎಲ್ಲವ್ವ ಅದೆ? ಎಡೆ ಇಕ್ಕಿ ಕದ ಮುಚ್ಚಿ ಈಚೆ ಬರ್ಬೇಕು. ನಾವು ನೋಡ್ತಾ ನಿಂತ್ರೆ ಅವರು ಉಣ್ಣಾದೆಂಗೆ?”

ಕದ ಇರುವ, ಯಾರೂ ಮಲಗದ ಕೋಣೆ ಮನೆಯಲ್ಲಿ ಒಂದೇ. ಅಮಾವಾಸ್ಯೆಯ ಹಿಂದಿನ ದಿನ ನಿತ್ಯಾನಂದ ರಜೆ ಹಾಕಿ, ಯಾರೂ ಹೇಳದೆಯೇ, ಶಿರಸ್ತ್ರಾಣ, ಡಬ್ಬಿ, ಪಟ್ಟಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ತನ್ನ ಮಂಚದ ಕೆಳಗೆ ತಳ್ಳಿದ. ಖಾಲಿ ಕೋಣೆ ನೋಡಿ ಮಹಾಲಕ್ಷ್ಮಿ, “ಎಷ್ಟು ಗಾಳಿ ಬರುತ್ತೆ ಇಲ್ಲಿ!” ಎಂದಳು. ತನ್ನ ಲ್ಯಾಪ್‌ಟಾಪು ಎಲ್ಲಿ ಇಡಬಹುದೆಂದು ಕಣ್ಣಲ್ಲೇ ಅಳೆದದ್ದೂ ಉಂಟು.

ಅದೇ ಸಂಜೆ ರಮೇಶನ ಫೋನು ಬಂತು. ರತ್ನ ಮಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ತಮ್ಮನ ಜೊತೆ ಮಾತಾಡಿದ್ದಾಯಿತು. ಮಂಡ್ಯದ ಬೋರಯ್ಯನವರ ಪಂಚೆ ಎಂದದ್ದೇ ತಡ, ಹೌದು, ಅಕ್ಕನ ಹತ್ತಿರ ಬಂದಿತ್ತು ಎಂದು ಅವನು ಹೇಳಿದನಂತೆ. ನಾಳೆ ಬೆಳಿಗ್ಗೆ ತಾನೇ ಬೈಕಿನಲ್ಲಿ ಹೋಗಿ ಅಲ್ಲಿಂದಲೇ ವಿಡಿಯೋ ಕಾಲ್ ಮಾಡುತ್ತೇನೆಂದ ರಮೇಶ.

“ಕಳಿಸೋಕೆ ಟೈಮ್ ಇಲ್ಲವಲ್ಲಮ್ಮ,” ಎಂದ ನಿತ್ಯಾನಂದ.

“ಕಣ್ಣಿಗೆ ಕಂಡ್ರೆ ಸಾಕು. ಎಲೆ ಮುಂದೆ ಫೋನು ಇಕ್ಕಾನ. ಅವರು ಗುರ್ತು ಹಿಡೀತಾರೆ.” ಚಾಮುಂಡ‌ಮ್ಮನ ಮುಖ ಅರಳಿತ್ತು. ಆ ವರ್ಷ ಅವಳ ಮುಖ ಅರಳಿದ್ದು ಅದೇ ಮೊದಲು. ಅವಳು ಮಗನ ತಲೆ ಸವರಿದಳು. ಐವತ್ತರ ಹತ್ತಿರದ ಮಗ ತಲೆ ತಗ್ಗಿಸಿಕೊಂಡು ಸವರಿಸಿಕೊಂಡ.

ಬುಧವಾರ ಹನ್ನೆರಡು ಗಂಟೆಗೆ ಎಡೆ ಸಿದ್ಧವಾಯಿತು. ಮುದ್ದೆ, ಕೋಳಿಸಾರು, ಸೊಪ್ಪಿನ ಪಲ್ಯ, ವಡೆ, ಕಜ್ಜಾಯ. ಎಲೆಯ ಪಕ್ಕ ಒಂದು ಲೋಟದಲ್ಲಿ ಬ್ರಾಂದಿ. ಮಣೆಯ ಮೇಲೆ ಹೊಸ ಪಂಚೆ, ಅದರ ಹಿಂದೆ ಬೋರಯ್ಯನ ಫೋಟೊ. ಹೊಸ ಪಂಚೆಯ ಪಕ್ಕ ಒಂದು ಗೇಣು ಜಾಗವನ್ನು ಚಾಮುಂಡಮ್ಮ ಖಾಲಿ ಬಿಟ್ಟಿದ್ದಳು. ಊರಿನಲ್ಲಿ ಆಗ ಒಂಬತ್ತೂವರೆ. ಫೋನು ಹೊಡೆದುಕೊಂಡಿತು.

ಪರದೆಯ ಮೇಲೆ ಮೊದಲು ರಮೇಶ, ಆಮೇಲೆ ತಲೆಯ ಮೇಲೆ ಸೆರಗು ಹೊದ್ದ ರತ್ನ ಕಾಣಿಸಿದರು. ಅವಳ ಹಣೆ ಬೋಳಾಗಿತ್ತು. ಚಾಮುಂಡಮ್ಮ ಅದನ್ನು ತಕ್ಷಣ ನೋಡಿದಳು. ನಿತ್ಯಾನಂದ ನೋಡಲಿಲ್ಲ. ಅವನು ಚೀಟಿ ಬರೆಯುವವರ ಹಾಗೆ ಶುರುಮಾಡಿದ.

“ರತ್ನಮ್ಮ, ಪಂಚೆಗೆ ಯಾವ ಅಂಚು? ಗುರುತು ಇದೆಯಾ? ಒಂದು ಸಲ ಬಿಚ್ಚಿ ತೋರಿಸಿ.”

“ಹಸುರಂಚು ಬುದ್ಧಿ. ಕತ್ತರಿ ಗೀಟು, ಒಂದು ಚುಕ್ಕಿ. ನಮ್ ಯಜಮಾನ್ರೇ ಹಾಕಿದ್ದು,” ಎಂದಳು ರತ್ನ. ಆದರೆ ಏನನ್ನೂ ತೋರಿಸಲಿಲ್ಲ.

“ಎಲ್ಲಿದೆ?”

ರತ್ನ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ರಮೇಶ ಆಚೆಯಿಂದ, “ಹೇಳಮ್ಮ, ಪರವಾಗಿಲ್ಲ,” ಅಂದದ್ದು ಕೇಳಿಸಿತು.

“ಅವ್ವ, ತಪ್ಪಾಯ್ತು ನಂದು. ಬುದ್ಧಿಯೋರು ಹೋದ್ರು ಅಂತ ಕೇಳಿ ಪಂಚೆ ನಿಮ್ಮನೇರಿಗೆ ಕೊಡಾನ ಅಂತಲೇ ಇಟ್ಟಿದ್ದೆ. ಹನ್ನೆರಡು ದಿನಕ್ಕೆ ನಮ್ ಯಜಮಾನ್ರಿಗೂ ಜರ ಬಂತು. ಆಸ್ಪತ್ರೇಲಿ ಜಾಗ ಇರ್ನಿಲ್ಲ, ಮನೇಲೇ ಹೋದ್ರು. ಲಾಕ್‌ಡೌನು. ಬಟ್ಟೆ ಅಂಗಡಿ ಒಂದೂ ತೆಗೆದಿರ್ನಿಲ್ಲ. ಹೊದಿಸಾಕೆ ಒಂದು ಮೊಳ ಹೊಸ ಬಟ್ಟೆ ಸಿಗ್ನಿಲ್ಲ. ಊರೋರ ಬಟ್ಟೆಯೆಲ್ಲ ಒಗೆದೋರು ಅವ್ವ ಅವ್ರು, ಅವ್ರ ಹೆಣದ ಮ್ಯಾಲೆ ಹರಕು ಲುಂಗಿ. ನಂಗೆ ನೋಡಾಕಾಗ್ನಿಲ್ಲ. ಮನೇಲಿ ಬೆಳ್ಳಗೆ ಇದ್ದುದ್ದು ಅದೊಂದೇ. ಬುದ್ಧಿಯೋರ ಪಂಚೆನೇ ಹೊದಿಸಿ ಕಳ್ಸಿಬಿಟ್ಟೆ. ಬೇರೆ ತಕ್ಕೊಡ್ತೀನಿ ಅವ್ವ. ಒಸಿ ದಿನ ತಡ್ಕಳಿ.”

ನಿತ್ಯಾನಂದ ತಾಯಿಯ ಕಡೆ ತಿರುಗುವ ಧೈರ್ಯ ಮಾಡಲಿಲ್ಲ. ಮಹಾಲಕ್ಷ್ಮಿ ಫೋನು ಕಟ್ ಮಾಡಲೇ ಎಂಬಂತೆ ಕೈ ಚಾಚಿದಳು. ಚಾಮುಂಡಮ್ಮ ಆ ಕೈಯನ್ನು ಸರಿಸಿ ಫೋನನ್ನು ತಾನೇ ತೆಗೆದುಕೊಂಡಳು.

“ಒಗೆದಿತ್ತಾ ರತ್ನ?”

“ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದು ಅವ್ವ. ಮಡಿಕೆ ಮುರಿದಿರ್ನಿಲ್ಲ.”

“ನನ್ ಗಂಡನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಕಳುಸುದ್ರು ಕಣವ್ವ. ಒಂದು ಬಟ್ಟೆ ಇಲ್ಲ ಅವರ್ಗೆ. ಅವರ ಪಂಚೆ ಆದ್ರೂ ಒಬ್ಬರ ಮೈಗೆ ಆಯ್ತಲ್ಲ. ತಪ್ಪು ಗಿಪ್ಪು ಅನ್ಬ್ಯಾಡ. ನಿನ್ ಗಂಡನ ಹೆಸ್ರು ನಿಂಗರಾಜ ಅಲ್ವ?”

“ಹೂಂ ಅವ್ವ.”

“ನಿಮ್ಮನೇಲಿ ಎಡೆ ಇಕ್ಕಿದ್ರಾ?”

“ತಮ್ಮನ ಮನೆ ಅವ್ವ. ನಾನೇ ಒಂದು ಮೂಲೇಲಿ ಇವ್ನಿ. ಇಲ್ಲೆಂಗೆ ಇಕ್ಲಿ?”

“ಮಹಾಲಕ್ಷ್ಮಿ, ಇನ್ನೊಂದು ಎಲೆ ಹಾಕವ್ವ,” ಎಂದಳು ಚಾಮುಂಡಮ್ಮ.

ರತ್ನ ಗಾಬರಿಯಾದಳು. “ಬ್ಯಾಡಿ ಅವ್ವ. ನಾವು ಮಡಿವಾಳ್ರು. ನಿಮ್ಮನೆ ಹಿರೀರ ಪಕ್ಕದಲ್ಲಿ...”

“ಸುಮ್ಕಿರು. ನೀವು ಒಗೆದುಕೊಟ್ಟ ಬಟ್ಟೆ ನಾವು ನಲವತ್ತು ವರ್ಷ ಉಟ್ಕೊಂಡಿಲ್ವ? ನಿಂಗರಾಜನ ಮೈ ಮ್ಯಾಲೆ ನಮ್ಮನೇ ಪಂಚೆ ಅದೆ. ನನ್ ಗಂಡ ಅದುನ್ನ ನೋಡ್ಕೊಂಡೇ ಅವನ ಹಿಂದೆ ಬರ್ಬೇಕು. ಅವನಿಗೆ ಎಲೆ ಹಾಕ್ದೆ ಇದ್ರೆ ಇಬ್ಬರೂ ಬಾಗ್ಲಲ್ಲೇ ನಿಲ್ತಾರೆ. ಅವನು ಏನು ಉಣ್ತಿದ್ದ, ಹೇಳು.”

ರತ್ನ ಅಳುತ್ತ, “ಮೀನು ಅಂದ್ರೆ ಪ್ರಾಣ ಅವ್ವ,” ಎಂದಳು.

ನಿತ್ಯಾನಂದ ಆಗಲೇ ಮಾಸ್ಕು ಹಾಕಿಕೊಂಡು ಲಿಫ್ಟಿಗೆ ಓಡಿದ್ದ. ಕಾಲು ಗಂಟೆಯಲ್ಲಿ ಮಮಕ್ ಅಂಗಡಿಯಿಂದ ಕರಿದ ಮೀನಿನ ಪೊಟ್ಟಣ ಹಿಡಿದು ಬೆವರುತ್ತ ಬಂದ. ಎರಡನೆಯ ಎಲೆಗೆ ಅವನೇ ಬಡಿಸಿದ. ಎರಡು ಎಲೆಗೂ ಅಡ್ಡಬಿದ್ದು ಏಳುವಾಗ ಅವನ ಕಣ್ಣು ತುಂಬಿತ್ತು. ಅಪ್ಪನಿಗಾಗಿ ಅವನು ಅತ್ತದ್ದು ಅವತ್ತೇ.

ಎಲ್ಲರೂ ಈಚೆ ಬಂದರು. ಚಾಮುಂಡಮ್ಮ ಕದ ಎಳೆದು ಮುಚ್ಚಿದಳು. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು.

“ಕದ ಮುಚ್ಚಿದ್ದೀನಿ ರತ್ನ. ಫೋನು ಇಕ್ಬ್ಯಾಡ, ಒಸಿ ಹೊತ್ತು ಇರು.”

“ಇವ್ನಿ ಅವ್ವ.”

ಇಂಚರ ಅಜ್ಜಿಗೆ ಕುರ್ಚಿ ತಂದಿಟ್ಟಳು. ಮಳವಳ್ಳಿ ಕಡೆ ಒಬ್ಬಳು, ಬಯಾನ್ ಲೆಪಾಸ್‌ನಲ್ಲಿ ಒಬ್ಬಳು, ಇಬ್ಬರೂ ಫೋನು ಹಿಡಿದು, ಒಳಗೆ ತಮ್ಮ ಗಂಡಂದಿರು ಉಂಡು ಏಳಲಿ ಎಂದು ಕಾಯುತ್ತ ಕೂತರು.